ಕಪ್ಪು ಒಂದರ ತಬಲಾ, ಬಿಳಿ ಐದರ ಹಾಡು

ಪ್ರಶ್ನೆ: ಅಂಕೋಲೆಯವಳು. ಶಿರಸಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಪಿಯುಸಿ ಮೊದಲ ವರ್ಷ ಓದುತ್ತಿದ್ದೇನೆ. ಐದು ವರ್ಷ ತಬಲಾ ಕಲಿತಿದ್ದೇನೆ. ಕ್ಲಾಸಿನಲ್ಲಿ ಎಲ್ಲರಿಗೂ ಹೈಸ್ಕೂಲಿನ ಗೆಳತಿಯರಿದ್ದಾರೆ, ನನಗೆ ಯಾರೂ ಇಲ್ಲ. ಹಾಡುವ ನಾಲ್ವರ ಗುಂಪೊಂದು ಒಮ್ಮೆ ಕರೆಯಿತು. ಹಾಡುವವಳು ಹುಲೇಕಲ್ ಕಡೆಯಿಂದ ಬಸ್ಸಿಗೆ ಬರುತ್ತಾಳೆ. ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಅವಳ ಶ್ರುತಿ ಬಿಳಿ 5, ನನ್ನ ತಬಲಾ ಕಪ್ಪು 1. ಏನೂ ಕೂಡಿಬರಲಿಲ್ಲ. ಅವಳು ತಾಳ ತಪ್ಪಿದಾಗ ಎರಡು ಸಲ ನಿಲ್ಲಿಸಿ ತಿದ್ದಿದೆ. ಮತ್ತೆ ಕರೆದಿಲ್ಲ. ನಾನೇ ಹೋಗಿ ಕೇಳಲೇ?

ಉತ್ತರ: ಕೇಳು ತಂಗೀ, ಆದರೆ ಗುಂಪನ್ನಲ್ಲ, ಹಾಡುವವಳೊಬ್ಬಳನ್ನು. ನಾಲ್ವರು ಕೂಡಿದಲ್ಲಿ ಹಳೆಯ ಮಾತು, ಹಳೆಯ ನಗೆ ನಡೆದೇ ಇರುತ್ತದೆ. ಹೊಸಬಳಿಗೆ ಬಾಯಿ ಹಾಕಲು ಎಡೆ ಸಿಗದು. ಇಬ್ಬರೇ ಕೂತರೆ ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕು.

ಅಂದು ಕೆಟ್ಟದ್ದು ನಿನ್ನ ಕೈಯಲ್ಲ. ಬಿಳಿ 5 ಷಡ್ಜ, ಅಂದರೆ ಅವಳ 'ಸ' ಆದರೆ, ಕಪ್ಪು 1 ತೀವ್ರ ಮಧ್ಯಮ, 'ಸ' ಜೊತೆ ಹೊಂದದ ಸ್ವರ. ಅದು ಕಿವಿಯ ಪಕ್ಕ ಎಡೆಬಿಡದೆ ನುಡಿಯುತ್ತಿದ್ದರೆ ಪಳಗಿದ ಗಾಯಕಿಯೂ ತಡವರಿಸುತ್ತಾಳೆ. ತಬಲಾವನ್ನು ಅರ್ಧ ಸ್ವರ ಏರಿಸಿ ಬಿಳಿ 2ಕ್ಕೆ ತಾ, ಅದು ಅವಳ ಪಂಚಮ, 'ಸ' ಜೊತೆ ಹೊಂದುವ 'ಪ'. ಹಾಡಿನಲ್ಲಿ ಪಂಚಮ ಇಲ್ಲದಿದ್ದರೆ ಅರ್ಧ ಸ್ವರ ಇಳಿಸಿ ಬಿಳಿ 1ಕ್ಕೆ ತಾ, ಶುದ್ಧ ಮಧ್ಯಮ ಸಿಗುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಬದಿಯ ಮರದ ತುಂಡುಗಳನ್ನು ಮುಟ್ಟಬೇಕಿಲ್ಲ. ಗಜರಾಕ್ಕೆ, ಅಂದರೆ ತಬಲಾದ ಬಾಯಿಯ ಸುತ್ತ ಹೆಣೆದ ಚರ್ಮದ ಬಳೆಗೆ, ಮೇಲಿನಿಂದ ಹಗುರಾಗಿ ಸುತ್ತಿಗೆಯಿಂದ ತಟ್ಟಿದರೆ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಒಂದು ಕಡೆ ತಟ್ಟಿದ ಮೇಲೆ ಅದರ ಎದುರು ಬದಿ ತಟ್ಟು. ಒಂದೇ ಕಡೆ ಬಡಿದರೆ ಅರ್ಧ ತಬಲಾ ಒಂದು ಸ್ವರ, ಉಳಿದರ್ಧ ಇನ್ನೊಂದು.

ಮಳೆಗಾಲದಲ್ಲಿ ಚರ್ಮ ತೇವ ಎಳೆದುಕೊಂಡು ಸಡಿಲಾಗುತ್ತದೆ, ಬೆಳಿಗ್ಗೆ ಮಾಡಿದ ಶ್ರುತಿ ಸಂಜೆಗೆ ಇಳಿದಿರುತ್ತದೆ. ಇಪ್ಪತ್ತು ನಿಮಿಷ ಮೊದಲೇ ಹೋಗಿ ಕೂರುವ ಜಾಗದಲ್ಲೇ ಶ್ರುತಿ ಮಾಡು. ಬೇಗ ಬಿಗಿಯಾಗಲೆಂದು ಒಲೆಯ ಮುಂದೆ ಹಿಡಿಯಬೇಡ, ನಡುವಿನ ಕಪ್ಪು ಶಾಯಿ ಬಿರುಕು ಬಿಡುತ್ತದೆ.

ಕೇಳುವುದು ಹೇಗೆ? "ಫ್ರೆಂಡ್ ಆಗೋಣ" ಅಂದರೆ ಹದಿನಾರರ ವಯಸ್ಸಿನಲ್ಲಿ ಇಬ್ಬರಿಗೂ ಮುಜುಗರ. "ಅವತ್ತು ನನ್ನ ತಬಲಾ ನಿನ್ನ ಶ್ರುತಿಗೆ ಇರಲಿಲ್ಲ, ಈಗ ಸರಿ ಮಾಡಿದ್ದೇನೆ. ಶನಿವಾರ ಕ್ಲಾಸ್ ಮುಗಿದ ಮೇಲೆ ಮುಕ್ಕಾಲು ತಾಸು ಕೂರೋಣವಾ? ಹಾಡು ನಿನ್ನದೇ" ಅನ್ನು. ದಿನ, ಹೊತ್ತು, ಕೆಲಸ ಮೂರೂ ಅದರಲ್ಲೇ ಬಂತು. ಅವಳ ಬಸ್ಸು ಎಷ್ಟಕ್ಕೆ ಎಂದು ಮೊದಲೇ ಕೇಳಿಕೊಂಡು, ಅರ್ಧ ತಾಸು ಮುಂಚೆ ಮುಗಿಸು. ಬಸ್ಸು ತಪ್ಪಿದರೆ ಮುಂದಿನ ಶನಿವಾರ ಅವಳ ಮನೆಯವರೇ ಬಿಡುವುದಿಲ್ಲ. ಅತ್ತೆಗೆ ಹೇಳಿ ಅವರ ಜಗಲಿಯಲ್ಲೇ ಕೂತರೆ ಇನ್ನೂ ಒಳ್ಳೆಯದು. ಆಮೇಲೆ ಅವಲಕ್ಕಿ, ಕಷಾಯ ಆಗುವಾಗಲೇ ಮಾತು ಶುರುವಾಗುವುದು.

ಮೊದಲ ದಿನ ಒಂದೇ ಭಜನೆ, ಎಂಟು ಮಾತ್ರೆಯ ಕೆಹರವಾ ತಾಳ, ಧಾ ಗೆ ನ ತಿ, ನ ಕ ಧಿ ನ, ಅಷ್ಟೇ. ತಿಹಾಯಿ, ಲಗ್ಗಿಯಂಥ ಕೈಚಳಕ ಮನೆಯಲ್ಲೇ ಇರಲಿ. ನಿನಗೆ ಬರುವುದನ್ನೆಲ್ಲ ತೋರಿಸುವ ದಿನ ಅದಲ್ಲ. ಅವಳು ಮಾತ್ರೆ ತಪ್ಪಿದರೆ ನಿಲ್ಲಿಸಬೇಡ, ಅವಳ ಹಿಂದೆ ಓಡಲೂ ಬೇಡ. ಠೇಕಾ, ಅಂದರೆ ಅದೇ ಎಂಟು ಬೋಲು, ಹಿಡಿದಿರು, ಸಮದ (ಮೊದಲ ಮಾತ್ರೆಯ) ಧಾಕ್ಕೆ ಎಡಗೈಯ ಡಗ್ಗಾದ ಗುಮಕಿ ತುಸು ಜೋರಾಗಿ ಕೊಟ್ಟು ತಲೆಯಾಡಿಸು. ಅವಳೇ ಪಲ್ಲವಿಗೆ ಬಂದು ಸೇರುತ್ತಾಳೆ. ಅವತ್ತು ಉಳಿದ ಮೂವರ ಎದುರು ತಿದ್ದಿದ್ದು, ತಾಳದ ಲೆಕ್ಕಕ್ಕೆ ಸರಿಯಿದ್ದರೂ, ಅವಳಿಗೆ ನೋವಾಗಿರಬಹುದು. ಕ್ಷಮೆ ಕೇಳುವ ದೊಡ್ಡ ಪ್ರಸಂಗ ಬೇಡ, ಈ ಸಲ ಹಾಗೆ ಮಾಡದಿದ್ದರಾಯಿತು.

ಮೂರ್ನಾಲ್ಕು ಶನಿವಾರ ಸರಿಯಾಗಿ ನಡೆದ ಮೇಲೆ ಉಳಿದವರನ್ನು ಕರೆಯುವ ಮಾತು ಅವಳ ಬಾಯಿಂದಲೇ ಬರಲಿ. ಅವಳು ಒಲ್ಲೆ ಎಂದರೆ ಮತ್ತೆ ಮತ್ತೆ ಕೇಳಬೇಡ. ಅತ್ತೆಯ ಊರುಕೇರಿಯ ಭಜನಾ ಮಂಡಳಿಗೆ ಹೋಗು. ಮೊದಲ ಎರಡು ವಾರ ತಬಲಾ ಒಯ್ಯದೆ ಕೈಯಲ್ಲಿ ತಾಳ ಹಿಡಿದು ಅವರ ಓಟ ಅರ್ಥ ಮಾಡಿಕೋ. ಭಜನೆಯ ಕೊನೆಯಲ್ಲಿ ಲಯ ಒಂದೇ ಸಮನೆ ಏರುತ್ತದೆ, ಕ್ಲಾಸಿನಲ್ಲಿ ಕಲಿತವರು ಎಡವುವುದು ಅಲ್ಲಿಯೇ. ತಬಲಾದವರು ಬಾರದ ದಿನ ಒಂದಲ್ಲ ಒಂದು ಇರುತ್ತದೆ, ಆವತ್ತು ನಿನ್ನನ್ನೇ ಕೂರಿಸುತ್ತಾರೆ.