ಒಂದೇ ಸಲ ಮೂರು ಸಾವಿರ ಏರಿಸಬೇಡಿ

ಮೈಸೂರಿನ ನಿಮ್ಮ ಮೇಲಿನ ಮಹಡಿ ಮನೆಗೆ ಮೂರು ವರ್ಷದಿಂದ 14,000 ಬಾಡಿಗೆ, ಈಗ 17,000 ಕೇಳಲಾ, ರಿಪೇರಿ ಖರ್ಚನ್ನು ಟ್ಯಾಕ್ಸಲ್ಲಿ ತೋರಿಸಬಹುದಾ ಅಂತ ಕೇಳಿದ್ದೀರಿ.

ಲೆಕ್ಕ ಹಾಕಿ ನೋಡಿ ಸರ್. ಏರಿಕೆಯಿಂದ ವರ್ಷಕ್ಕೆ 36,000 ಜಾಸ್ತಿ ಬರುತ್ತೆ, ಸರಿ. ಬಾಡಿಗೆದಾರರು ಬಿಟ್ಟು ಹೋಗಿ ಮನೆ ಎರಡು ತಿಂಗಳು ಖಾಲಿ ಬಿದ್ದರೆ ಹಳೇ ಬಾಡಿಗೆಯಲ್ಲೇ 28,000 ಹೋಯ್ತು. ಉಳಿದ 8,000ದಲ್ಲಿ ಬ್ರೋಕರ್‌ಗೆ ಕೊಡ್ತೀರೋ, ನಲ್ಲಿ ಸರಿಮಾಡಿಸ್ತೀರೋ? ತಿಂಗಳ ಮೊದಲ ವಾರದಲ್ಲೇ ದುಡ್ಡು ಹಾಕೋ ಬಾಡಿಗೆದಾರರಾದರೆ ಈಗ 15,000 ಮಾಡಿ, ಮುಂದೆ ವರ್ಷಕ್ಕೆ 5% ಅಂತ ಹೊಸ ಅಗ್ರಿಮೆಂಟಲ್ಲೇ ಬರೆಸಿ.

ರಿಪೇರಿ ಬಿಲ್ಲು ಬೇರೆಯಾಗಿ ಕಳೆಯೋಕೆ ಬರಲ್ಲ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆದು, ಮಿಕ್ಕಿದ್ದರಲ್ಲಿ 30% ವಿನಾಯಿತಿ ತಾನಾಗೇ ಸಿಗುತ್ತೆ, ಒಂದು ರೂಪಾಯಿ ಖರ್ಚು ಮಾಡದಿದ್ದರೂ. ಹಾಗಾಗಿ ಕಂದಾಯದ ರಸೀದಿ ಜೋಪಾನ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಸಂಪಿನ ಮೋಟರ್ ಯಾರ ಮೀಟರಿಗೆ ಸೇರಿದೆ ನೋಡಿ. ಕೆಳಗಿನವರ ಮೀಟರಲ್ಲಿ ಮೇಲಿನವರ ನೀರು ಏರ್ತಾ ಇದ್ದರೆ, ಬಾಡಿಗೆ ಏರಿಸಿದ ದಿನವೇ ಆ ಜಗಳ ನಿಮ್ಮ ಬಾಗಿಲಿಗೆ ಬರುತ್ತೆ.