ಚಾರಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಿನಾ ಎಂಟು ಕಿಲೋಮೀಟರ್ ಓಡುವ ಅಭ್ಯಾಸ ನನಗಿದೆ. ಎತ್ತರದ ಪರ್ವತ ಚಾರಣಕ್ಕೆ ಊರಿನ ಗೈಡ್ ಹಾಕಿಕೊಟ್ಟ ಯೋಜನೆಯಲ್ಲಿ ದಿನಕ್ಕೆ ನಾಲ್ಕೇ ಗಂಟೆ ನಡಿಗೆ, ನಡುವೆ ಒಂದು ದಿನ ತಂಗುವುದು. ಎರಡು ದಿನ ಉಳಿಸಬಹುದಲ್ಲವೇ?

ಉತ್ತರ: ದಯವಿಟ್ಟು ಉಳಿಸಬೇಡಿ. ಓಟದಿಂದ ಕಾಲಿಗೂ ದಮ್ಮಿಗೂ ಬಲ ಬರುತ್ತದೆ ನಿಜ, ಆದರೆ ತೆಳು ಗಾಳಿಗೆ ಮೈ ಒಗ್ಗಲು ದಿನಗಳೇ ಬೇಕು. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಳಿದಿರುತ್ತದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲಲ್ಲಿ ಇನ್ನಷ್ಟು ಮೇಲೆ ಹೋಗಿ ಬಂದರೆ ಅಡ್ಡಿಯಿಲ್ಲ, ಲೆಕ್ಕ ಮಲಗುವ ಜಾಗದ್ದು.

ನಡೆಯುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗುತ್ತಿರಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಕಡಿದಾದ ಏರಿನಲ್ಲಿ ಮುಂದಿನ ಕಾಲನ್ನು ಊರಿ, ಭಾರವನ್ನು ಹಿಂದಿನ ಕಾಲ ಮೇಲೇ ಬಿಡಿ. ಹಿಂದಿನ ಮಂಡಿ ನೆಟ್ಟಗಿದ್ದರೆ ಭಾರವನ್ನು ಮೂಳೆ ಹೊರುತ್ತದೆ, ತೊಡೆಗೆ ಅರೆಕ್ಷಣ ಬಿಡುವು ಸಿಗುತ್ತದೆ. ಒಂದು ಉಸಿರು ತೆಗೆದುಕೊಂಡು ಮುಂದಿನ ಹೆಜ್ಜೆ. ನೋಡುವವರಿಗೆ ಆಮೆನಡಿಗೆ ಅನ್ನಿಸಬಹುದು, ಆದರೆ ಸಂಜೆಯವರೆಗೆ ಕಾಲು ಸೋಲದು.

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಅಥವಾ ಊಟ ಸೇರದಿರುವುದು ಕಂಡರೆ ಅಂದು ಮೇಲೇರಬೇಡಿ. ತಂಡಕ್ಕೆ ತೊಂದರೆಯಾದೀತೆಂಬ ಸಂಕೋಚದಿಂದ ಗೈಡ್‌ಗೆ ಹೇಳದೆ ಮುಚ್ಚಿಟ್ಟಾಗಲೇ ಅಪಾಯ ಬೆಳೆಯುವುದು. ನೇರ ಗೆರೆಯ ಮೇಲೆ ಮುಂದಿನ ಕಾಲಿನ ಹಿಮ್ಮಡಿಗೆ ಹಿಂದಿನ ಕಾಲಿನ ಬೆರಳು ತಾಗಿಸಿ ನಡೆಯುವಾಗ ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲೆಂದು ಕಾಯದೆ ಜೊತೆಯಲ್ಲೊಬ್ಬರನ್ನು ಕರೆದುಕೊಂಡು ಕೂಡಲೇ ಕೆಳಗಿಳಿಯಬೇಕು.

ಪ್ರಶ್ನೆ: ತುದಿ ಇನ್ನೊಂದೇ ಗಂಟೆ ದೂರವಿದ್ದಾಗ ಗೈಡ್ ನಮ್ಮನ್ನು ವಾಪಸ್ ಕರೆತಂದರು. ಆಕಾಶ ಶುಭ್ರವಾಗಿತ್ತು. ಇದು ಸರಿಯೇ?

ಉತ್ತರ: ಸರಿ. ಅನೇಕ ಪರ್ವತಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಗುಡುಗು ಮಿಂಚು ಬರುತ್ತದೆ. ಇಳಿಯಲು ಬೇಕಾದ ಬೆಳಕನ್ನೂ ದಣಿದ ಕಾಲನ್ನೂ ಅವರು ಲೆಕ್ಕ ಹಾಕಿರುತ್ತಾರೆ. ಮರಳುವ ಗಂಟೆ ಯಾವುದೆಂದು ಬೆಳಗ್ಗೆಯೇ ಕೇಳಿಟ್ಟುಕೊಂಡರೆ ಬೇಸರ ಕಡಿಮೆಯಾಗುತ್ತದೆ.

ಪ್ರಶ್ನೆ: ನಾವು ಕೊಡುವ ಹಣ ಹಳ್ಳಿಯವರಿಗೇ ಸೇರುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಮುಂಗಡ ಕೊಡುವ ಮೊದಲೇ ಕೇಳಿ: ಗೈಡ್ ಯಾವ ಊರಿನವರು, ದಿನಗೂಲಿ ಎಷ್ಟು, ತಂಗುವ ಮನೆಗಳನ್ನು ಸರದಿಯಂತೆ ಹಂಚುತ್ತಾರೋ ಅಥವಾ ಒಂದೇ ಮನೆಗೆ ಎಲ್ಲರೂ ಹೋಗುತ್ತಾರೋ, ಪೋರ್ಟರ್‌ಗಳಿಗೆ ವಿಮೆ, ಬೂಟು, ಬೆಚ್ಚನೆಯ ಹೊದಿಕೆ ಇದೆಯೇ? ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ. ಹೊರಡುವ ದಿನ ಹೊರೆಗಳನ್ನು ಪೋರ್ಟರ್‌ಗಳ ಎದುರಲ್ಲೇ ತೂಗಿಸಿ. ಅವರ ಸ್ವಂತ ಬಟ್ಟೆ, ಹೊದಿಕೆಯೂ ಆ ತೂಕದಲ್ಲೇ ಸೇರಬೇಕು. ಎಷ್ಟೋ ಕಡೆ ಇದನ್ನೇ ಬಿಟ್ಟುಬಿಡುತ್ತಾರೆ. ಮಿತಿ ಮೀರಿದರೆ ನಿಮ್ಮ ಚೀಲದಿಂದ ಸಾಮಾನು ತೆಗೆಯಿರಿ, ಇಲ್ಲವೇ ಇನ್ನೊಬ್ಬರನ್ನು ಕೂಲಿಗೆ ಕರೆದುಕೊಳ್ಳಿ.