ಒಂಟಿ ಮನೆ, ನಡುರಾತ್ರಿ, ಕೈಯಲ್ಲಿ ಕೋವಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮನೆ ಒಂಟಿ. ಯಜಮಾನರು ಆಗಾಗ ಊರಲ್ಲಿರುವುದಿಲ್ಲ. ಆಗ ನಾನು, ಅತ್ತೆ, ಇಬ್ಬರು ಮಕ್ಕಳು ಅಷ್ಟೇ. ಮಾವನವರ ಕಾಲದ ಒಂಟಿ ನಳಿಗೆ ಕೋವಿಗೆ ಈಗ ನನ್ನ ಹೆಸರಲ್ಲಿ ಲೈಸೆನ್ಸ್ ಇದೆ. ಈ ಸಲ ಮೆಣಸು ಕಳ್ಳತನ ಜಾಸ್ತಿಯಾಗಿದೆ. ಒಂದು ಮನೆಗೆ ನುಗ್ಗಿ ವಯಸ್ಸಾದವರನ್ನು ಕಟ್ಟಿಹಾಕಿದರಂತೆ. ತೋಟಾ ತುಂಬಿದ ಕೋವಿಯನ್ನು ಮಂಚದ ಪಕ್ಕ ಇಟ್ಟುಕೊಳ್ಳಲೇ? ಅಂಥ ಹೊತ್ತಲ್ಲಿ ಧೈರ್ಯ ತಂದುಕೊಳ್ಳುವುದು ಹೇಗೆ?

ಉತ್ತರ: ತುಂಬಿದ ಕೋವಿ ಮಂಚದ ಪಕ್ಕ ಬೇಡ. ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ. ಕೋವಿಗೆ ಒಂದು ಬೀಗ, ತೋಟಾಗೆ ಇನ್ನೊಂದು ಬೀಗ, ಎರಡರ ಕೀಲಿಯೂ ನಿಮ್ಮ ಹತ್ತಿರವೇ ಇರಲಿ.

ಇನ್ನು ಧೈರ್ಯದ ಮಾತು. ಹೆದರಿಕೆ ಆಗೇ ಆಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಎದುರಿಗಿರುವುದು ಬಿಟ್ಟು ಬೇರೇನೂ ಕಾಣದಂತಾಗುತ್ತದೆ. ಪಕ್ಕದಲ್ಲಿ ಕೂಗಿದರೂ ಕೇಳಿಸದೆ ಹೋಗಬಹುದು. ತರಬೇತಿ ಪಡೆದ ಪೊಲೀಸರಿಗೂ ಹೀಗಾಗುತ್ತದೆ. ಅದಕ್ಕೇ, ಆ ಹೊತ್ತಿಗೆ ಯೋಚಿಸಿದರಾಯಿತು ಅಂದುಕೊಳ್ಳಬೇಡಿ. ಏನು ಮಾಡಬೇಕು ಅನ್ನುವುದು ಹಗಲೇ ತೀರ್ಮಾನವಾಗಿರಬೇಕು.

ಮನೆಯಲ್ಲಿ ಗಟ್ಟಿ ಬಾಗಿಲಿನ ಒಂದು ಕೋಣೆ ಆರಿಸಿ. ಸದ್ದಾದರೆ ಎಲ್ಲರೂ ಅಲ್ಲಿಗೆ. ಒಳಗಿನಿಂದ ಚಿಲಕ. ತಕ್ಷಣ 112ಕ್ಕೆ ಕರೆ. ನೆಟ್‌ವರ್ಕ್ ಸಿಗುವ ಮೂಲೆ ಯಾವುದೆಂದು ಈಗಲೇ ನೋಡಿಕೊಳ್ಳಿ. ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಟಾರ್ಚ್, ಚಾರ್ಜರ್, ಅತ್ತೆಯವರ ಮಾತ್ರೆ, ಬೀಗ ಹಾಕಿದ ಕೋವಿ ಎಲ್ಲವೂ ಆ ಕೋಣೆಯಲ್ಲೇ ಇರಲಿ. ಮಕ್ಕಳನ್ನೂ ಸೇರಿಸಿಕೊಂಡು ಆಗಾಗ ಅಭ್ಯಾಸ ಮಾಡಿ. ಕತ್ತಲಲ್ಲೂ ಮಾಡಿ.

ಆಮೇಲೆ ಆ ಕೋಣೆಯಿಂದ ಹೊರಗೆ ಬರಬೇಡಿ. ಕಣದಲ್ಲಿ ಚೀಲ ಹೊರುವ ಸದ್ದು ಕೇಳಿದರೂ ಬರಬೇಡಿ. ವರ್ಷದ ದುಡಿಮೆ ಕಣ್ಣೆದುರೇ ಹೋಗುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಎಷ್ಟು ಜನ ಬಂದಿದ್ದಾರೆ, ಅವರ ಕೈಯಲ್ಲಿ ಏನಿದೆ ಅನ್ನುವುದು ನಿಮಗೆ ಗೊತ್ತಿಲ್ಲ. ಕತ್ತಲಲ್ಲಿ ಅಲ್ಲಾಡಿದ ಆಕಾರ ತಡವಾಗಿ ಬಂದ ನಿಮ್ಮ ಯಜಮಾನರೇ ಆಗಿರಬಹುದು. ಸದ್ದು ಕೇಳಿ ಓಡಿ ಬಂದ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಆಳೂ ಆಗಿರಬಹುದು. ಮುಖ ಕಾಣದೆ, ಹಿಂದೆ ಏನಿದೆ ಎಂದು ತಿಳಿಯದೆ ಗುಂಡು ಹಾರಿಸಲೇಬಾರದು. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡಿಕೊಂಡು ಹೋಗುತ್ತದೆ, ಮರದ ಬಾಗಿಲನ್ನೂ ತೂರಿ ಹೋಗಬಲ್ಲದು. ಹೆದರಿಸಲೆಂದು ಗಾಳಿಯಲ್ಲಿ ಗುಂಡು ಹಾರಿಸುವುದನ್ನೂ ನಾನು ಒಪ್ಪುವುದಿಲ್ಲ. ಒಂಟಿ ನಳಿಗೆಯಲ್ಲಿ ಇರುವುದೇ ಒಂದು ತೋಟಾ.

‘ಸುಮ್ನೆ ತೋರಿಸಿದರೆ ಓಡಿಹೋಗ್ತಾರೆ’ ಅನ್ನುವವರು ತುಂಬಾ ಜನ. ಓಡದೆ ಮುಂದೆ ಬಂದರೆ? ಹೊಡೆಯಲು ಮನಸ್ಸಿಲ್ಲದವರ ಕೈಯ ಕೋವಿ ಬಂದವರ ಪಾಲಾಗುತ್ತದೆ. ಹಾಗಾಗಿ ನಿಮ್ಮನ್ನೇ ಕೇಳಿಕೊಳ್ಳಿ: ಆ ಕೋಣೆಯ ಬಾಗಿಲು ಮುರಿದು, ಮಚ್ಚು ಹಿಡಿದವನು ಮಕ್ಕಳ ಮುಂದೆ ನಿಂತರೆ ನಾನು ಗುಂಡು ಹೊಡೆಯುತ್ತೇನಾ? ಇಲ್ಲ ಅನ್ನುವುದೂ ಮರ್ಯಾದೆಯ ಉತ್ತರವೇ. ಹಾಗಿದ್ದರೆ ಕೋವಿಯನ್ನು ಬೀಗದಲ್ಲೇ ಬಿಟ್ಟು, ಹಣ ಚಿನ್ನ ಕೊಟ್ಟು ಜೀವ ಉಳಿಸಿಕೊಳ್ಳಿ. ಹೌದು ಅನ್ನುವುದಾದರೆ ಬಲ್ಲವರಿಂದ ಸರಿಯಾಗಿ ಕಲಿಯಿರಿ. ಲೈಸೆನ್ಸ್ ಒಂದಿದ್ದರೆ ಗುರಿ ಬರುವುದಿಲ್ಲ.

ಕಾನೂನು ನಿಮ್ಮ ಪರವಾಗಿಯೇ ಇದೆ, ಒಂದು ಮಿತಿಯವರೆಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಗೆ ಸಂಬಂಧಿಸಿದವು. ಜೀವ ಹೋಗುತ್ತದೆ, ಭಾರಿ ಗಾಯವಾಗುತ್ತದೆ, ಅತ್ಯಾಚಾರವಾಗುತ್ತದೆ ಎಂಬ ನಿಜವಾದ ಭಯವಿದ್ದರೆ ಎದುರಾಳಿ ಸಾಯುವಷ್ಟು ಬಲ ಬಳಸಲೂ ಹಕ್ಕಿದೆ. ದರೋಡೆ, ರಾತ್ರಿ ಕನ್ನ ಹಾಕಿ ನುಗ್ಗುವುದೂ ಇದರಲ್ಲಿ ಸೇರಿದೆ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಬಳಸುವಂತಿಲ್ಲ. ಅಪಾಯ ಮುಗಿದ ಮೇಲೆ ಆ ಹಕ್ಕೂ ಇಲ್ಲ. ಬರೀ ಮೆಣಸಿನ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕೊಲೆ ಕೇಸು ನಿಮ್ಮ ಮೇಲೆ ಬರಬಹುದು. ಭಯದಲ್ಲಿರುವವರು ಪ್ರತಿ ಏಟನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಗುಂಡು ಹಾರಿಸಲೇಬೇಕಾಗಿ ಬಂದರೆ, ಆಮೇಲೆ ಯಾವುದನ್ನೂ ಕದಲಿಸಬೇಡಿ. ಗಾಯಗೊಂಡವನಿಗೂ ಸೇರಿಸಿ ಆಂಬುಲೆನ್ಸ್ ಕರೆಸಿ. ನಡೆದದ್ದನ್ನು ಪೊಲೀಸರಿಗೆ ನೀವೇ ತಿಳಿಸಿ, ಬೇಗ ವಕೀಲರನ್ನು ಕಾಣಿ.

ಮತ್ತೊಂದು. ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ಅಲ್ವಾ? ಆ ವಾರಗಳಲ್ಲೂ ಕಳ್ಳರು ಬರಬಹುದು. ಆದ್ದರಿಂದ ಬಾಗಿಲು, ದೀಪ, ನಾಯಿ, ಅಕ್ಕಪಕ್ಕದ ತೋಟದವರ ವಾಟ್ಸ್ಆ್ಯಪ್ ಗುಂಪು, ಇವುಗಳ ಮೇಲೆ ಮೊದಲು ಖರ್ಚು ಮಾಡಿ, ಗಮನ ಕೊಡಿ. ಕೊಯ್ದ ಮೆಣಸನ್ನು ರಾತ್ರಿ ಕಣದಲ್ಲಿ ಬಿಡಬೇಡಿ.

ಪ್ರಶ್ನೆ: ನಾವು ಕೊಡಗಿನವರು, ಕೋವಿಗೆ ಲೈಸೆನ್ಸ್ ಬೇಕಿಲ್ಲ. ಈ ನಿಯಮ ನಮಗೂ ಇದೆಯೇ?

ಉತ್ತರ: ಇದೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿಗೆ ಮಾತ್ರ. ಯಾರ ಮೇಲೆ, ಯಾವಾಗ ಗುಂಡು ಹಾರಿಸಬಹುದು ಅನ್ನುವ ಕಾನೂನು ಸಕಲೇಶಪುರದವರಿಗೂ ಮಡಿಕೇರಿಯವರಿಗೂ ಒಂದೇ.